ಹತ್ತನೆಯ ಬಂಡೆ

"ರೋಟಿ," ಎಂದರು ಮನ್ಸೂರಅಲಿ ಮಾಸ್ತರರು.

ಕಹಕಶಾ ಬ್ರಶ್ಶನ್ನು ನೀರಿನ ಡಬ್ಬಿಯಲ್ಲಿ ಬಿಟ್ಟು, ಹಲಗೆಯನ್ನು ಮೊಳಕಾಲ ಮೇಲೆ ನೆಟ್ಟಗೆ ನಿಲ್ಲಿಸಿ, ತಾನು ಬರೆದದ್ದನ್ನು ತುಸು ಹಿಂದೆ ಸರಿದು ನೋಡಿದಳು. ಅಪ್ಪ ಹೇಳಿದ್ದು ಸುಳ್ಳಲ್ಲ. ಹಾಳೆಯ ನಡುವೆ ಇರಬೇಕಾಗಿದ್ದ ಬಂಡೆ ಆಗಷ್ಟೇ ಹಂಚಿನಿಂದ ಇಳಿಸಿದ ರೊಟ್ಟಿಯ ಹಾಗೆ ಉಬ್ಬಿಕೊಂಡು ಕೂತಿತ್ತು. ಮೈತುಂಬ ಚುಕ್ಕೆ, ಅಂಚಿಗೆ ಅಲ್ಲಲ್ಲಿ ಕಂದು. ಮುರಿದು ಪಲ್ಯದ ಜೊತೆ ತಿನ್ನಬಹುದಿತ್ತು. ಕಾಲಿಟ್ಟು ಹತ್ತುವಂಥ ಕಲ್ಲು ಮಾತ್ರ ಆಗಿರಲಿಲ್ಲ.

"ಯೇ ಗ್ಯಾರ್ವಾ ಹೈ ಅಬ್ಬಾ," ಎಂದಳು. ಇದು ಹನ್ನೊಂದನೆಯ ಹಾಳೆ. ಹನ್ನೊಂದಾದರೇನು, ಇಪ್ಪತ್ತೊಂದಾದರೇನು ಎನ್ನುವ ಹಾಗೆ ಮಾಸ್ತರರು ಎಡಗೈಯ ಬೆರಳನ್ನು ಅಡ್ಡಡ್ಡ ಆಡಿಸಿ, ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟರು.

ಅವಳಿಗೆ ಸಿಟ್ಟು ಬರಬೇಕಿತ್ತು. ಸಿಟ್ಟಿಗೂ ಮೈಯಲ್ಲಿ ಒಂದಿಷ್ಟು ಕಸುವು ಬೇಕಲ್ಲ. ಸುರಪುರದ ಆಚೆಯ ಹಳ್ಳಿಯೊಂದರ ಉರ್ದು ಶಾಲೆಯಲ್ಲಿ ಮೂರು ತರಗತಿಯ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು ದಿನವಿಡೀ ಕೂಗಿ, ಶಹಾಪುರದ ತನಕ ಬಸ್ಸಿನಲ್ಲಿ ನಿಂತುಕೊಂಡೇ ಬಂದಿದ್ದಳು. ಬುರ್ಖಾ ಬಿಚ್ಚಿ ಗೂಟಕ್ಕೆ ಹಾಕಿ ಮುಖಕ್ಕೆ ನೀರು ಸೋಕಿಸುವಷ್ಟರಲ್ಲಿ ಅಪ್ಪ ಹಲಗೆಯ ಕಡೆ ಕೈ ತೋರಿಸಿದ್ದರು. ಚಹಾ ಸೋಸಿಟ್ಟದ್ದು ಅಡುಗೆಮನೆಯಲ್ಲೇ ಆರಿ ಕೆನೆಗಟ್ಟಿತ್ತು. ಅದನ್ನೇ ತಂದು, ಮತ್ತೆ ಕಾಯಿಸುವುದಕ್ಕೂ ಬೇಸರವಾಗಿ, ಹಾಗೇ ಕುಡಿದಳು.

ಏಳು ತಿಂಗಳ ಹಿಂದೆ ಲಕ್ವ ಹೊಡೆದು ಮಾಸ್ತರರ ಬಲಗೈ ಬಿದ್ದುಹೋಗಿತ್ತು. ಜೊತೆಗೆ ಮಾತೂ ಹೋಯಿತು. ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸಿದವರು. ಅಷ್ಟೂ ವರ್ಷ ಪಾಠ ಹೇಳಿದ್ದು ಕನ್ನಡದಲ್ಲಿ. ಬಾಯಿಂದ ಮೊದಲು ಜಾರಿದ್ದು ಆ ಕನ್ನಡವೇ. ಉಳಿದದ್ದು ಮನೆಮಾತು ದಖನಿಯ ಹತ್ತಿಪ್ಪತ್ತು ಶಬ್ದ. ಅವೂ ಕರೆದಾಗ ಬರುವಂಥವಲ್ಲ. ನೀರು ಬೇಕಾದಾಗ ಬಾಗಿಲು ಎನ್ನುವರು, ದೀಪ ಆರಿಸು ಎನ್ನಬೇಕಾದಲ್ಲಿ ತಮ್ಮ ತಂಗಿಯ ಹೆಸರು ಹಿಡಿದು ಕರೆಯುವರು. ಅದು ಹೇಗೋ 'ರೋಟಿ' ಒಂದು ಮಾತ್ರ ಪ್ರತಿ ಸಲವೂ ಸ್ಪಷ್ಟವಾಗಿ, ಸರಿಯಾದ ಜಾಗಕ್ಕೆ ಬಂದು ಬೀಳುತ್ತಿತ್ತು. ಅವಳ ನಸೀಬು.

ಶಹಾಪುರಕ್ಕೆ ಬಂದ ಚಿತ್ರಗಾರರೆಲ್ಲ ಬುದ್ಧ ಮಲಗಿದ ಹಾಗೆ ಕಾಣುವ ಬೆಟ್ಟಸಾಲನ್ನು ಬರೆದುಕೊಂಡು ಹೋಗುತ್ತಾರೆ. ಮಾಸ್ತರರು ಒಮ್ಮೆಯೂ ಬರೆಯಲಿಲ್ಲ. "ಬುದ್ಧ ಎಲ್ಲೂ ಹೋಗಂಗಿಲ್ಲ, ಮದ್ಲ ಒಂದು ಕಲ್ಲು ಬರೀರಿ," ಎಂದು ಹುಡುಗರಿಗೆ ಹೇಳುತ್ತಿದ್ದರು. ಅವರದು ಹಾಳೆಗೊಂದು ಬಂಡೆ, ಅಷ್ಟೇ. ಆಕಾಶವಿಲ್ಲ, ಗಿಡವಿಲ್ಲ, ಮೇಯುವ ಆಡಿಲ್ಲ. ಜಲವರ್ಣವೆಂದರೆ ನೀರಿನ ಕೆಲಸ, ನೀರಿಗೆ ನುಣುಪು ಸಹಜ. ಆ ನುಣುಪಿನಿಂದಲೇ ಕಲ್ಲಿನ ಒರಟು ಮೈ ತೆಗೆಯಬೇಕೆನ್ನುವುದು ಅವರ ಹಟ. ಅದಕ್ಕಾಗಿ ಹಾಳೆಗೆ ಮೇಣದಬತ್ತಿ ಉಜ್ಜುವರು, ಸವೆದ ಟೂಥ್‌ಬ್ರಶ್ಶಿನಿಂದ ಬಣ್ಣ ಸಿಡಿಸುವರು, ಒಣಗಿದ ಮೇಲೆ ಅರ್ಧ ಬ್ಲೇಡಿನಿಂದ ಬಿರುಕು ಕೆರೆಯುವರು. ಎಲ್ಲಕ್ಕೂ ಮಿಗಿಲಾಗಿ ಉಪ್ಪು. ಹಸಿ ಬಣ್ಣದ ಹೊಳಪು ಇನ್ನೇನು ಆರಬೇಕು ಎನ್ನುವ ಹೊತ್ತಿಗೆ ಹರಳುಪ್ಪನ್ನು ಅದರ ಮೇಲೆ ಎಸೆಯುವುದು. ಹರಳು ತನ್ನ ಸುತ್ತಲಿನ ಬಣ್ಣವನ್ನು ಹೀರಿಕೊಂಡು ಬೆಳ್ಳಗಿನ ಗುರುತು ಬಿಡುತ್ತದೆ. ಪೂರ್ತಿ ಒಣಗಿದ ಮೇಲೆ ಉಪ್ಪನ್ನು ಝಾಡಿಸಿದರೆ ಕೆಳಗೆ ಕಲ್ಲು. ಒಂದು ನಿಮಿಷ ಮೊದಲಾದರೆ ಎಲ್ಲ ಕರಗಿ ಕೆಸರು, ತಡವಾದರೆ ಏನೂ ಇಲ್ಲ. ಇದೆಲ್ಲ ಕಹಕಶಾಗೆ ಬಾಯಿಪಾಠ. ಚಿಕ್ಕಂದಿನಿಂದ ನೋಡಿದ್ದೇ ಇದು.

ಅವರ ಹಳೆಯ ವಿದ್ಯಾರ್ಥಿ ಮೌನೇಶ ಈಗ ಕಲಬುರಗಿಯಲ್ಲಿ ಚಿತ್ರಕಲಾ ಶಿಕ್ಷಕ. ಗುರುಗಳ ಚಿತ್ರಗಳದ್ದೊಂದು ಪ್ರದರ್ಶನ ಮಾಡಬೇಕೆಂದು ಒಂದು ತಿಂಗಳ ಹಿಂದೆ ಫೋನ್ ಮಾಡಿ, ಎಷ್ಟು ಚಿತ್ರ ಇದ್ದಾವೆ ಎಂದು ಕೇಳಿದ್ದ. ಕಹಕಶಾ ಬಸ್ಸಿನಲ್ಲಿದ್ದಳು. ಟ್ರಂಕು ತೆಗೆದು ನೋಡದೆ, "ಹತ್ತು ಇರಬೇಕು ನೋಡ್ರಿ," ಎಂದುಬಿಟ್ಟಳು. ಅವನು 'ಮನ್ಸೂರಅಲಿ: ಹತ್ತು ಬಂಡೆಗಳು' ಎಂದು ಕಾರ್ಡು ಮುದ್ರಿಸಿಯೂ ಬಿಟ್ಟ. ಆಮೇಲೆ ಟ್ರಂಕು ತೆಗೆದರೆ ಒಂಬತ್ತು.

ಒಂಬತ್ತೇ ಸಾಕು ಎಂದು ಹೇಳಿ ಮುಗಿಸಬಹುದಿತ್ತು. ಆದರೆ ಕಾರ್ಡು ಮಾಸ್ತರರ ಕೈಗೆ ಹೋಗಿಯಾಗಿತ್ತು. ಅಂದಿನಿಂದ ಅವರು ಒಂದೊಂದು ತುತ್ತು ಹೆಚ್ಚು ಉಣ್ಣತೊಡಗಿದ್ದರು, ಕ್ಷೌರದವನನ್ನು ಕರೆಸಿ ಗಡ್ಡ ಒಪ್ಪ ಮಾಡಿಸಿಕೊಂಡಿದ್ದರು. ಎಡಗೈಯ ಐದು ಬೆರಳನ್ನು ಎರಡು ಸಲ ಬಿಚ್ಚಿ ತೋರಿಸಿ, ಹಲಗೆಯ ಕಡೆ ಕೈ ಮಾಡಿ, ಆಮೇಲೆ ಮಗಳ ಕಡೆ ಕೈ ಮಾಡಿದ್ದರು. ಹತ್ತನೆಯದನ್ನು ತಾವು ಬರೆಯುವುದು, ಅವಳ ಕೈಯಿಂದ. ಶುಕ್ರವಾರ ಮೌನೇಶ ಕಾರು ತರುವುದರೊಳಗೆ.

ಕಹಕಶಾಗೆ ಈಗ ಮೂವತ್ತೊಂಬತ್ತು. ಹತ್ತೊಂಬತ್ತರಲ್ಲಿ ಡ್ರಾಯಿಂಗ್ ಹೈಯರ್ ಪರೀಕ್ಷೆಯಲ್ಲಿ ಫಸ್ಟ್ ಕ್ಲಾಸ್ ಬಂದು, ತಾನು ಬರೆದ ಹಾಳೆಗಳನ್ನೆಲ್ಲ ಅಪ್ಪನ ಮುಂದೆ ಹರವಿದ್ದಳು. ಅವರು ಒಂದೊಂದನ್ನೂ ನೋಡಿ, "ಚಿಕನಾ ಹೈ," ನುಣುಪಾಯಿತು, ಎಂದು ನಮಾಜಿಗೆ ಎದ್ದು ಹೋದರು. ಅಂದೇ ಅವಳು ಬ್ರಶ್ಶುಗಳನ್ನು ತೊಳೆದು ಕಟ್ಟಿಟ್ಟಳು. ಟೀಚರ್ ಟ್ರೇನಿಂಗ್ ಮಾಡಿದಳು, ನೌಕರಿ ಹಿಡಿದಳು. ಮದುವೆಯ ಮಾತು ಬಂದು, ಹೋಗಿ, ಕಡೆಗೆ ಬರುವುದೂ ನಿಂತಿತು. ಮೂರು ವರ್ಷದ ಹಿಂದೆ ತಾಯಿ ಖುರ್ಷೀದಬೇಗಂ ತೀರಿಕೊಂಡ ಮೇಲೆ ಮನೆಯಲ್ಲಿ ಅಪ್ಪ ಮತ್ತು ಅವಳು. ಈಗ ಇಪ್ಪತ್ತು ವರ್ಷವಾದ ಮೇಲೆ ಮತ್ತೆ ಅದೇ ಬ್ರಶ್ಶು, ಅದೇ ಅಪ್ಪ, ಅದೇ ತಲೆ ಆಡಿಸುವುದು. ಒಮ್ಮೆ ಈ ಶುಕ್ರವಾರ ಕಳೆದರೆ ಸಾಕಪ್ಪ ಎಂದು ಹೊರಗೆ ಅಂದುಕೊಳ್ಳುತ್ತಿದ್ದಳು. ಒಳಗೆ ಬೇಕಾಗಿದ್ದುದು ಬೇರೆ. ಒಂದು ಹಾಳೆ, ಒಂದೇ ಒಂದು ಹಾಳೆಯನ್ನು ಅಪ್ಪ ನೋಡಿ ಹೂಂ ಅನ್ನಬೇಕು. ಅಷ್ಟು ಬೇಕಿತ್ತು ಅವಳಿಗೆ. ಮಗಳಾಗಿ ಅದನ್ನು ಕೇಳಿ ಪಡೆಯುವುದು ಹೇಗೆಂದು ಮಾತ್ರ ಗೊತ್ತಿರಲಿಲ್ಲ.

ಬುಧವಾರ ಸಂಜೆ ಅವಳು ಓಣಿಯ ಮೂಲೆಗೆ ಬಂದಾಗಲೇ ಸೀನು ಕೇಳಿಸಿತು. ಒಂದಲ್ಲ, ಎರಡು ಥರದ ಸೀನು. ಒಂದು ಹೆಣ್ಣಿನದು, ಸಣ್ಣಗೆ ಸಾಲುಸಾಲಾಗಿ. ಇನ್ನೊಂದು ಅಪ್ಪನದು. ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಹೋದಳು.

ಹಗಲು ಹೊತ್ತು ಮಾಸ್ತರರನ್ನು ನೋಡಿಕೊಳ್ಳುತ್ತಿದ್ದ ರೇಣಮ್ಮ ಸೆರಗನ್ನು ಮೂಗಿಗೆ ಒತ್ತಿಕೊಂಡು ಕಿಟಕಿ ತೆರೆಯುತ್ತಿದ್ದಳು. ಹತ್ತಿಕುಣಿಯ ಕುರಿ ಸಾಕುವವರ ಮನೆಯ ಮಗಳು, ಶಹಾಪುರಕ್ಕೆ ಕೊಟ್ಟಿದ್ದು. ಯಾರಿಗೂ ಹೆದರುವ ಪೈಕಿ ಅಲ್ಲ. ಮಾಸ್ತರರು ಮಂಚದ ಮೇಲೆ ದಿಂಬಿಗೊರಗಿ ಕೂತಿದ್ದರು. ಕಣ್ಣು ಕೆಂಪಾಗಿ ನೀರು ಸುರಿಯುತ್ತಿತ್ತು. ತೊಡೆಯ ಮೇಲೆ ಹಲಗೆ. ಹಲಗೆಯ ಮೇಲಿನ ಹಾಳೆಯ ತುಂಬ ಕೆಂಪು ಪುಡಿ.

"ಏನಾತು ರೇಣಮ್ಮ?"

"ಏನಾಗಿಲ್ಲ ಟೀಚರ್ರ. ಮಾಸ್ತರ ಖಾರ ಹಾಕು ಅಂದ್ರು, ಹಾಕೀನಿ."

"ಎಲ್ಲಿ ಹಾಕಿದಿ?"

"ಇಲ್ಲೇ, ಹಾಳಿ ಮ್ಯಾಲ. ಮತ್ತ ಅವರ ಬಾಯಾಗ ಹಾಕ್ತೀನೇನ್ರಿ?"

ಕಹಕಶಾ ಹಲಗೆಯನ್ನು ಎತ್ತಿ ಕೆಳಗಿಟ್ಟು, ಚೊಂಬಿನಲ್ಲಿ ನೀರು ತಂದು ಅಪ್ಪನ ಕಣ್ಣು ತೊಳೆದಳು. ಒಂದು ಸಲ, ಎರಡು ಸಲ, ಐದಾರು ಸಲ. ಅವರ ಭುಜ ಅದುರುತ್ತಿತ್ತು. ಅಳುತ್ತಿದ್ದಾರೆಂದುಕೊಂಡಳು. ಮುಖ ಒರೆಸಿ ನೋಡಿದರೆ ನಗುತ್ತಿದ್ದರು. ಬಾಯಿಯ ಒಂದೇ ಬದಿ ಮೇಲೆದ್ದಿತ್ತು, ಆದರೂ ನಗುವೇ. ಏಳು ತಿಂಗಳಲ್ಲಿ ಅವಳಿಗೆ ಕಾಣದ ನಗು ಈ ರೇಣಮ್ಮನಿಗೆ ಸಿಕ್ಕಿತ್ತು.

"ಖಾರಾ ಅಂದ್ರ ನಮ್ಮ ಮಾತಿನಾಗ ಉಪ್ಪುಪ್ಪು," ಎಂದಳು ಬಿರುಸಾಗಿ. "ಸವಳ ನೀರಿಗೂ ಖಾರಾ ಪಾನಿ ಅಂತೀವಿ. ನಮಕ್ ಅನ್ನೋದು ನಾಲಿಗಿಗಿ ಬಂದಿರಂಗಿಲ್ಲ, ಅದಕ್ಕ ಖಾರಾ ಅಂದಾರ. ಅವರು ಕೇಳಿದ್ದು ಉಪ್ಪು. ಇಷ್ಟು ವರ್ಷ ನಮ್ಮ ಓಣ್ಯಾಗ ಇದ್ದು ಅಷ್ಟು ತಿಳೀಲಿಲ್ಲೇನು ನಿಂಗ?"

"ನಂಗ ತಿಳಿಯೋದು ನಮ್ಮ ಖಾರ ರಿ. ಮದ್ಲ ನ, ನ ಅಂದ್ರು. ನೀರ ಅಂತ ತಿಳದು ನೀರ ಕೊಟ್ಟೆ, ತಲಿ ಅಲ್ಲಾಡ್ಸಿದ್ರು. ಆಮ್ಯಾಲ ಖಾರಾ, ಖಾರಾ ಅಂತ ಎರಡ ಸಲ ಛಲೋ ತಿಳಿಯೋಹಂಗ ಅಂದ್ರು. ಈ ವರ್ಷದ ಹೊಸ ಖಾರ ಗಿರಣಿಂದ ಆಗ ತಂದು ಡಬ್ಬಿಗಿ ಹಾಕ್ಲಾಕತ್ತಿದ್ದೆ. ಒಂದ ಮುಟಿಗಿ ತಂದು ಒಗದೆ." ರೇಣಮ್ಮ ಮತ್ತೊಮ್ಮೆ ಸೀನಿ, ಮೂಗು ಒರೆಸಿಕೊಂಡಳು. "ಉಪ್ಪ ನೀವು ಅಟ್ಟದ ಮ್ಯಾಲ ಮುಚ್ಚಿಟ್ಟೀರಿ. ಡಾಕ್ಟ್ರು ಬ್ಯಾಡಂದಾರ, ಕೇಳಿದ್ರೂ ಕೊಡಬ್ಯಾಡ ಅಂತ ನನ್ ಕಡಿಂದ ಆಣಿ ಮಾಡಿಸೀರಿ. ಕೈಗಿ ಸಿಗದ್ದನ್ನ ಅವರು ಹ್ಯಾಂಗ ಕೇಳ್ತಾರ ಅಂದ್ಕೊಂಡೆ ನಾ."

ಲಕ್ವ ಹೊಡೆದ ದಿನದಿಂದ ಕಹಕಶಾ ಉಪ್ಪಿನ ಬರಣಿಯನ್ನು ಅಟ್ಟಕ್ಕೇರಿಸಿದ್ದು ನಿಜ. ಸಾರಿಗೆ ಎರಡೇ ಬೆರಳಿನ ತುದಿಯಲ್ಲಿ ಹಿಡಿಯುವಷ್ಟು. ಅಪ್ಪನಿಗೆ ಬೇರೆ ತನಗೆ ಬೇರೆ ಮಾಡುವ ತ್ರಾಣವಿಲ್ಲದೆ ತಾನೂ ಅದನ್ನೇ ಉಣ್ಣುತ್ತಿದ್ದಳು. ಅವಳು ಮಾತು ಬದಲಿಸಲೆಂದು ಹಾಳೆಯ ಕಡೆ ನೋಡಿದಳು. ಆಗ ಹೊಳೆಯಿತು.

"ಹಾಳಿ ಮ್ಯಾಲ ಬಣ್ಣ ಯಾರು ಹಚ್ಚಿದ್ರು?"

ರೇಣಮ್ಮ ಮಾಸ್ತರರ ಮುಖ ನೋಡಿದಳು. ಅವರು ಕಣ್ಣು ಮುಚ್ಚಿಕೊಂಡರು.

"ಅವರೇ ರಿ, ಎಡಗೈಲಿ," ಎಂದಳು ರೇಣಮ್ಮ ದನಿ ತಗ್ಗಿಸಿ. "ಹದಿನೈದ ದಿವಸಾತು. ನೀವು ಸಾಲಿಗಿ ಹೋದ ಮ್ಯಾಲ ದಿನಾ ಬರೀತಾರ. ಬರದು, ಹರದು ಕೊಡ್ತಾರ. ನಾ ನಮ್ಮನಿ ನೀರಿನ ಒಲಿಗಿ ಒಯ್ತೀನಿ."

"ನಂಗ ಯಾಕ ಹೇಳಲಿಲ್ಲ?"

"ಹೇಳಬ್ಯಾಡ ಅಂತ ಬಾಯಿ ಮ್ಯಾಲ ಬೆರಳ ಇಟ್ಟು ತೋರಿಸ್ಯಾರ. ಕೈ ಭಾಳ ನಡಗ್ತದರಿ ಟೀಚರ್ರ. ನನ್ ಮುಂದ ನಡಗಿದ್ರ ಅವರಿಗೇನು? ನೀವು ಮಗಳು."

ರೇಣಮ್ಮ ಹೋದ ಮೇಲೆ ಕಹಕಶಾ ಅಪ್ಪನಿಗೆ ಗುಳಿಗೆ ನುಂಗಿಸಿ, ಬೆನ್ನು ಒರೆಸಿ, ಅಂಗಿ ಬದಲಿಸಿದಳು. ಸೀನಿ ಸೀನಿ ದಣಿದಿದ್ದ ಮಾಸ್ತರರು ಸಂಜೆಯ ಮಗ್ರಿಬ್ ಬಾಂಗಿನ ಹೊತ್ತಿಗೇ ನಿದ್ದೆ ಹೋದರು. ಅವಳು ಆ ಹಾಳೆಯನ್ನು ಅಂಗಳಕ್ಕೆ ಒಯ್ದು ಖಾರವನ್ನು ಝಾಡಿಸಿದಳು. ಬಣ್ಣ ಅಂಕುಡೊಂಕಾಗಿ ಹರಿದಿತ್ತು, ಬಂಡೆಯ ಅಂಚು ಎರಡು ಕಡೆ ಹಾಳೆಯಿಂದಾಚೆಗೇ ಹೋಗಿತ್ತು. ಚಿತ್ರವೆಂದು ಯಾರೂ ಅನ್ನುವ ಹಾಗಿರಲಿಲ್ಲ. ಆದರೆ ಬಲಗಡೆ, ರೇಣಮ್ಮನ ಮುಟಿಗೆ ನೇರ ಬಂದು ಬಿದ್ದಲ್ಲಿ, ಅಂಗೈಯಗಲದ ಜಾಗ ಕಲ್ಲಾಗಿತ್ತು. ಖಾರದ ಎಣ್ಣೆ ಜಿಡ್ಡಿಗೆ ಬಣ್ಣ ಹಿಡಿಯದೆ ಸಣ್ಣ ಸಣ್ಣ ತೂತು ಬಿದ್ದಿದ್ದವು. ಒಂದೆಡೆ ಗುಪ್ಪೆ, ಒಂದೆಡೆ ಬಯಲು, ನಡುವೆ ತುಕ್ಕಿನಂಥ ಕಲೆ. ಬೆಟ್ಟದ ಹಿಂಬದಿಯ ಬಂಡೆಯನ್ನು ಮುಟ್ಟಿದವರಿಗೆ ಅದು ಗೊತ್ತಾಗುತ್ತಿತ್ತು.

ಅವಳು ಒಳಗೆ ಹೋಗಿ ತನ್ನ ಹನ್ನೊಂದು ಹಾಳೆಗಳನ್ನು ತಂದು ಅದರ ಪಕ್ಕಕ್ಕೆ ಸಾಲಾಗಿ ಇಟ್ಟಳು. ಒಂದರ ಮೇಲೊಂದು ಅಚ್ಚು ಹೊಡೆದ ಹಾಗಿದ್ದವು. ಉಪ್ಪಿನ ಗುರುತುಗಳು ಎಣಿಸಿ ಇಟ್ಟಂತೆ, ಒಂದಕ್ಕೊಂದು ತಾಕದಂತೆ, ಅಷ್ಟಷ್ಟೇ ದೂರದಲ್ಲಿ. ಎಣಿಸಿಯೇ ಇಟ್ಟಿದ್ದಳಲ್ಲ. ಎರಡು ಬೆರಳ ತುದಿಯಲ್ಲಿ, ರೋಗಿಯ ಸಾರಿಗೆ ಹಾಕುವ ಹಾಗೆ. ಏಳು ತಿಂಗಳಿಂದ ಆ ಕೈಗೆ ಬೇರೆ ಅಳತೆಯೇ ಗೊತ್ತಿರಲಿಲ್ಲ. ಅಪ್ಪ ಸಾಯದಿರಲೆಂದು ಹಿಡಿದ ಕೈ ಹಾಳೆಯ ಮೇಲೂ ಹಿಡಿದೇ ಇತ್ತು. ಅವರಿಗೆ ಅದನ್ನು ಹೇಳಲು ಮಾತಿಲ್ಲ, ಅದಕ್ಕೆ ರೋಟಿ ಎಂದರು. ಅವಳಿಗೆ ನಗು ಬಂತು, ನಗುತ್ತಲೇ ಕಣ್ಣು ಒರೆಸಿಕೊಂಡಳು.

ಅಡುಗೆಮನೆಯ ಅಟ್ಟದಿಂದ ಬರಣಿ ಇಳಿಸಿ, ಅಲ್ಲೇ ನೆಲದ ಮೇಲೆ ಹಲಗೆ ಇಟ್ಟುಕೊಂಡು ಕೂತಳು. ಅಪ್ಪನನ್ನು ಎಬ್ಬಿಸಲಿಲ್ಲ, ಕೇಳಲಿಲ್ಲ. ಹಾಳೆಗೆ ನೀರು ಬಳಿದು, ಸುಟ್ಟ ಮಣ್ಣಿನ ಕಂದಿಗೆ ನೀಲಿ ಕೂಡಿಸಿ, ದೊಡ್ಡ ಬ್ರಶ್ಶಿನಿಂದ ಎಳೆದಳು. ಚೆನ್ನಾಗಿ ಬರಲಿ ಎಂದು ಆಸೆಪಡುವಷ್ಟು ಶಕ್ತಿಯೂ ಆ ಹೊತ್ತಿನಲ್ಲಿ ಅವಳಿಗಿರಲಿಲ್ಲ. ಒಲೆಯ ಮೇಲೆ ಬೇಳೆ ಇತ್ತು, ಅದರ ಕಡೆ ಒಂದು ಕಣ್ಣು. ಹೊಳಪು ಆರುವ ಹೊತ್ತಿಗೆ ಬರಣಿಯೊಳಗೆ ಕೈಹಾಕಿ ಮುಟಿಗೆ ತುಂಬ ಉಪ್ಪು ತೆಗೆದು, ಎಡಗಡೆಯಿಂದ ಒಗೆದಳು. ಮತ್ತೊಂದು ಮುಟಿಗೆ. ಹರಳು ನೆಲದ ಮೇಲೆಲ್ಲ ಚೆಲ್ಲಿದವು. ಆಮೇಲೆ ಬೇಳೆ ಇಳಿಸಿ, ಒಗ್ಗರಣೆ ಕೊಟ್ಟು, ನಾಳಿನ ಪಾಠದ ಪುಸ್ತಕಕ್ಕೆ ರಟ್ಟು ಹಾಕಿದಳು. ಬಂದು ನೋಡಿದಾಗ ಹಾಳೆ ಒಣಗಿತ್ತು. ಉಪ್ಪು ಝಾಡಿಸಿ, ಒಣ ಬ್ರಶ್ಶನ್ನು ಮಲಗಿಸಿ ಎರಡು ಸಲ ಉಜ್ಜಿ, ಬ್ಲೇಡಿನಿಂದ ಒಂದೇ ಒಂದು ಬಿರುಕು ಕೆರೆದು ಕೈಬಿಟ್ಟಳು.

ಕಲ್ಲು ಬಂದಿತ್ತು. ಅವಳು ಬಹಳ ಹೊತ್ತು ಅದನ್ನು ನೋಡುತ್ತ ಕೂತಳು. ಎಬ್ಬಿಸಿ ತೋರಿಸಲೇ ಎಂದು ಎರಡು ಸಲ ಎದ್ದಳು, ಎರಡು ಸಲವೂ ಕೂತಳು. ಇದನ್ನೂ ನೋಡಿ ಅವರು ಬೆರಳು ಆಡಿಸಿದರೆ ಅದನ್ನು ತಾಳಿಕೊಳ್ಳುವ ಶಕ್ತಿ ತನಗಿಲ್ಲವೆನಿಸಿತು. ತೋರಿಸದಿದ್ದರೆ ಬೈಗುಳವಿಲ್ಲ. ಒಂಬತ್ತರ ಜೊತೆ ಇದೂ ಸೇರಿ ಹೋಗುತ್ತದೆ, ಹತ್ತಾಗುತ್ತದೆ, ಮುಗಿಯುತ್ತದೆ. ಸಣ್ಣ ಬ್ರಶ್ಶನ್ನು ಬಣ್ಣದಲ್ಲಿ ಅದ್ದಿ ಹಾಳೆಯ ಬಲಮೂಲೆಯಲ್ಲಿ ಉರ್ದುವಿನಲ್ಲಿ ಮನ್ಸೂರಅಲಿ ಎಂದು ಬರೆದಳು. ಆ ಸಹಿ ಅವಳಿಗೆ ಹೊಸತಲ್ಲ. ಅಪ್ಪ ಪರೀಕ್ಷೆ ಕೆಲಸಕ್ಕೆ ಪರ ಊರಿಗೆ ಹೋದಾಗೆಲ್ಲ ತನ್ನ ಮಾರ್ಕ್ಸ್ ಕಾರ್ಡಿಗೆ ತಾನೇ ಹಾಕಿಕೊಂಡದ್ದಿತ್ತು. ಚಿತ್ರವನ್ನು ಟ್ರಂಕಿನಲ್ಲಿ ಒಂಬತ್ತರ ಕೆಳಗೆ ಇಟ್ಟು ಮುಚ್ಚಿದಳು.

ಗುರುವಾರ ಸಂಜೆ ಮಾಸ್ತರರು ಹಲಗೆ ತೋರಿಸಿದಾಗ, ಹತ್ತೂ ಆದವು ಅಬ್ಬಾ, ಟ್ರಂಕಿನ ತಳದಲ್ಲೊಂದು ಹಳೆಯದು ಸಿಕ್ಕಿತು ಎಂದುಬಿಟ್ಟಳು. ಅವರು ಅವಳನ್ನೇ ನೋಡಿದರು. ತೋರಿಸು ಎನ್ನಲು ಅವರಿಗೆ ಮಾತು ಬರಲಿಲ್ಲ, ಅವಳು ಅಲ್ಲಿ ನಿಲ್ಲಲೂ ಇಲ್ಲ.

ಶುಕ್ರವಾರ ಅವಳು ರಜೆ ಹಾಕಿದ್ದಳು. ಹನ್ನೊಂದಕ್ಕೆ ಮೌನೇಶ ಬಂದ. ನಲವತ್ತು ದಾಟಿದ, ತಲೆಗೂದಲು ಹಿಂದೆ ಸರಿದ ಗಂಡಸು, ಗುರುವಿನ ಮುಂದೆ ಒಂಬತ್ತನೆಯ ತರಗತಿಯವನ ಹಾಗೆ ಕೈಕಟ್ಟಿ ನಿಂತ. ಕಾಲು ಮುಟ್ಟಿದ. ಸತ್ತ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಏನು ಹೇಳಬೇಕೆಂದು ತಿಳಿಯದೆ, "ಭಾಳ ಬಿಸಿಲಾತ್ರಿ ಸರ ಈ ಸಲ, ಫೆಬ್ರುವರಿದಾಗೇ," ಎಂದ. ಕಹಕಶಾ ಚಹಾ ಕೊಟ್ಟಳು. ಅವನು ಚಿತ್ರಗಳನ್ನು ಮಂಚದ ಮೇಲೆ, ಮಾಸ್ತರರ ಕಾಲ ಬಳಿ, ಒಂದೊಂದಾಗಿ ಹರವತೊಡಗಿದ.

"ಇದು ನಾವು ಎಂಟನೇ ಇದ್ದಾಗ ಬರದದ್ದು, ನಾ ನೀರ ಹಿಡಕೊಂಡು ನಿಂತಿದ್ದೆ. ಇದು ಬರಗಾಲದ ವರ್ಷದ್ದು." ಒಂಬತ್ತೂ ಹಾಗೆ ಹೋದವು. ಹತ್ತನೆಯದನ್ನು ಎತ್ತಿದ. ಬೆಳಕಿಗೆ ಹಿಡಿದ, ಓರೆ ಮಾಡಿ ನೋಡಿದ.

"ಇದನ್ನ ಯಾವಾಗ ಬರದ್ರಿ ಸರ? ನಾ ನೋಡೇ ಇಲ್ಲಲ್ರಿ ಇದನ್ನ. ಅಕ್ಕಾರ, ಇದು ಎಲ್ಲಿತ್ತು?"

"ಟ್ರಂಕಿನಾಗ. ಹಳೇದದ," ಎಂದಳು ಕಹಕಶಾ. ಖಾಲಿ ಕಪ್ಪುಗಳನ್ನು ಎತ್ತಿಕೊಂಡಳು.

"ಕಾರ್ಡಿನ ಮ್ಯಾಲ ಇದೇ ಹಾಕಬೇಕಿತ್ತು ನೋಡ್ರಿ. ಬಾಗಲ ಎದುರಿಗಿ ಇದನ್ನೇ ತೂಗಹಾಕ್ತೀನಿ."

ಮಾಸ್ತರರು ಎಡಗೈ ಚಾಚಿದರು. ಮೌನೇಶ ಹಾಳೆಯನ್ನು ಅವರ ತೊಡೆಯ ಮೇಲಿಟ್ಟ. ಕಹಕಶಾ ಅಡುಗೆಮನೆಯ ಬಾಗಿಲಲ್ಲಿ ಕಪ್ಪು ಹಿಡಿದುಕೊಂಡು ನಿಂತಳು. ಅಪ್ಪ ಬಗ್ಗಿ ನೋಡಿದರು. ಉಪ್ಪು ಹೀರಿದ ಗುರುತುಗಳ ಮೇಲೆ ಹೆಬ್ಬೆರಳು ಆಡಿಸಿದರು, ಬಿರುಕಿನ ಗುಂಟ ಉಗುರು ಎಳೆದರು. ಬಲಮೂಲೆಗೆ ಬಂದು ನಿಂತರು. ತಮ್ಮ ಹೆಸರನ್ನು ಓದಿದರು.

ಆಮೇಲೆ ಹೆಬ್ಬೆರಳನ್ನು ನಾಲಿಗೆಗೆ ಒತ್ತಿ ಒದ್ದೆ ಮಾಡಿ, ಆ ಹೆಸರಿನ ಮೇಲಿಟ್ಟು ಉಜ್ಜಿದರು.

"ಸರ, ಸರ, ಸಹಿ ಹೋತ್ರಿ," ಎಂದು ಮೌನೇಶ ಕೈ ಅಡ್ಡ ತಂದ. ಅವರು ಅವನ ಕೈಯನ್ನು ಮೊಣಕೈಯಿಂದ ಸರಿಸಿ, ಮತ್ತೊಮ್ಮೆ ಬೆರಳು ನೆಕ್ಕಿಕೊಂಡು, ಕಡೆಯ ಅಕ್ಷರವೂ ಹೋಗುವ ತನಕ ಉಜ್ಜಿದರು. ಮೂಲೆಯಲ್ಲಿ ಬೂದು ಮಸಿಯಷ್ಟೇ ಉಳಿಯಿತು.

ಶಾಲೆಯ ಮಕ್ಕಳ ಕಳ್ಳತನ ಹಿಡಿದು ನಿಲ್ಲಿಸುವ ಕಹಕಶಾ ತಾನೇ ಹಾಗೆ ನಿಂತಿದ್ದಳು. ಕ್ಷಮಿಸಿರೆಂದು ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಮಾಸ್ತರರು ಒಂಬತ್ತು ಚಿತ್ರಗಳ ಮೇಲೆ ಎಡಗೈಯನ್ನು ಒಂದು ಸುತ್ತು ಆಡಿಸಿದರು. ನಾಲಿಗೆ ಹೊರಳಲು ಹೊತ್ತು ಹಿಡಿಯಿತು. ಹಣೆಯ ನರ ಉಬ್ಬಿತು.

"ನೌ," ಎಂದರು. "ನೌ ಮೇರೆ."

ತೊಡೆಯ ಮೇಲಿನ ಹಾಳೆಯನ್ನು ತಟ್ಟಿ ಮಗಳನ್ನು ನೋಡಿದರು. "ತೇರಾ."

ಅಷ್ಟು ದಖನಿ ಮೌನೇಶನಿಗೂ ಬರುತ್ತಿತ್ತು. ಒಂಬತ್ತು ನನ್ನವು, ಇದು ನಿನ್ನದು. ಅವನು ಒಮ್ಮೆ ಗುರುವನ್ನು, ಒಮ್ಮೆ ಬಾಗಿಲಲ್ಲಿ ನಿಂತವಳನ್ನು ನೋಡಿ ಮಂಚದ ಅಂಚಿಗೆ ಕೂತ.

"ಕಾರ್ಡ ಛಾಪ ಆಗ್ಯಾವಲ್ರಿ ಸರ," ಎಂದ. "ಹತ್ತು ಅಂತದ, ನಿಮ್ಮದೊಂದೇ ಹೆಸರದ." ಅವನು ಹಾಳೆಯನ್ನು ಮತ್ತೊಮ್ಮೆ ನೋಡಿ, ತಲೆ ಕೆರೆದುಕೊಂಡ. "ಇರ್ಲಿ ಬಿಡ್ರಿ. ಇನ್ನೂರ ಕಾರ್ಡ ಅವ. ಕೆಳಗ ಇನ್ನೊಂದು ಹೆಸರು ಪೆನ್ನಿಲಿ ಬರದ್ರ ಆತು. ಅಕ್ಕಾರ, ಬರ್ರಿ, ನಿಮ್ಮ ಸಹಿ ಹಾಕ್ರಿ."

ಅವಳು ಕಪ್ಪುಗಳನ್ನು ಹೊಸ್ತಿಲ ಮೇಲೇ ಇಟ್ಟು ಬಂದಳು. ನಾಚಿಕೆಯೋ ಖುಷಿಯೋ ಬಗೆಹರಿಯಲಿಲ್ಲ. ಮಂಚದ ಪಕ್ಕದಲ್ಲಿ ನೆಲದ ಮೇಲೆ ಕೂತುಬಿಟ್ಟಳು. ಅಪ್ಪ ಹಾಳೆಯನ್ನು ಅವಳ ಕಡೆ ತಿರುಗಿಸಿ, ಕಿಟಕಿಯಲ್ಲಿದ್ದ ಸಣ್ಣ ಬ್ರಶ್ಶನ್ನು ತೋರಿಸಿದರು. ಅದನ್ನು ಬಣ್ಣದಲ್ಲಿ ಅದ್ದಿ ಹಿಡಿದವಳಿಗೆ ಎಲ್ಲಿಂದ ಶುರು ಮಾಡಬೇಕೆಂದು ತಿಳಿಯಲಿಲ್ಲ. ಬಲದಿಂದ ಉರ್ದುವಿನಲ್ಲಿ ಬರೆಯುವುದೋ, ಎಡದಿಂದ ಕನ್ನಡದಲ್ಲೋ. ಚಿತ್ರವೊಂದರ ಮೇಲೆ ತನ್ನ ಹೆಸರನ್ನು ಅವಳು ಈ ತನಕ ಬರೆದಿರಲೇ ಇಲ್ಲ.

"ತಡೀರಿ ಅಕ್ಕಾರ," ಎಂದ ಮೌನೇಶ. "ಇನ್ನಾ ಹಸಿ ಅದ. ಈಗ ಬರದ್ರ ಹರಡ್ತದ."

ಮೂವರೂ ಕಾದರು. ಹೊರಗೆ ಓಣಿಯಲ್ಲಿ ಯಾರೋ ಜುಮ್ಮಾ ನಮಾಜಿಗೆ ಹೊರಟವರ ಮಾತು ಕೇಳಿ, ದೂರವಾಯಿತು. ಮಾಸ್ತರರು ಮೆಲ್ಲಗೆ ಮುಂದಕ್ಕೆ ಬಾಗಿ, ಆ ಒದ್ದೆ ಮೂಲೆಯ ಮೇಲೆ ಉಸಿರು ಊದತೊಡಗಿದರು. ಸೊಟ್ಟ ಬಾಯಿಂದ ಗಾಳಿ ಒಂದೇ ಬದಿಗೆ ಸೋರಿ ಹೋಗುತ್ತಿತ್ತು. ಅವರು ಮತ್ತೆ ಉಸಿರು ತುಂಬಿಕೊಂಡು ಊದಿದರು.